ಬರ ಹಡೆದ ದುರ್ಬೀನು

ಇವತ್ತು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ.

2022ರ ಅಕ್ಟೋಬರ್ 25. ದೀಪಾವಳಿಯ ನಡುವೆ ಬಂದ ಸೂರ್ಯಗ್ರಹಣ. ನಿಮಗೂ ನೆನಪಿರಬಹುದು, ಸಂಜೆ ಮುಳುಗುವ ಹೊತ್ತಿಗೆ ಸೂರ್ಯ ಅಂಚು ಮುರಿದ ರೊಟ್ಟಿಯ ಹಾಗೆ ಕಾಣ್ತಿದ್ದ. ಅವತ್ತು ಬೆಳಗ್ಗೆಯಿಂದ ನಾನು ಸ್ಟುಡಿಯೋದಲ್ಲಿ ಕೂತಿದ್ದೆ. ನನ್ನ ಎದುರಿಗೆ ಮೂವರು ಜ್ಯೋತಿಷಿಗಳು. ಯಾವ ರಾಶಿಗೆ ಏನು ಫಲ, ಬಸುರಿಯರು ಹೊರಗೆ ಬರಬಹುದಾ, ನೀರಿನ ಕೊಡಕ್ಕೆ ದರ್ಬೆ ಹಾಕಬೇಕಾ, ರಾಜ್ಯ ರಾಜಕಾರಣದ ಮೇಲೆ ಏನು ಪರಿಣಾಮ? ಎಲ್ಲ ಪ್ರಶ್ನೆಯನ್ನೂ ನಾನೇ ಕೇಳಿದೆ. ನಾನು ಎಲೆಕ್ಟ್ರಾನಿಕ್ಸ್ ಓದಿದ ಇಂಜಿನಿಯರು. ಗ್ರಹಣ ಅಂದ್ರೆ ನೆರಳು ಅಂತ ಗೊತ್ತಿದ್ದೂ ಕೇಳಿದೆ.

ರಾತ್ರಿ ಹಿಪ್ಪರಗಿಯಿಂದ ಅಪ್ಪನ ಫೋನ್ ಬಂತು. ಅಪ್ಪ ಕೃಷ್ಣಾ ಹೊಳೆ ದಂಡೆಯಲ್ಲಿ ಕಬ್ಬು ಬೆಳೆಯೋ ರೈತ. ಬೈಯೋ ಮನುಷ್ಯ ಅಲ್ಲ. ಒಂದೇ ಮಾತು ಕೇಳಿದ: "ಅಲ್ಲೋ ತಮ್ಮಾ, ಮುಂಜಾನಿಂದ ಮೂರು ಮಂದಿ ಜೋಯಿಸರನ್ನ ಕುಂಡ್ರಿಸಿಕೊಂಡಿದ್ದಿ. ದಿನಾ ಸೂರ್ಯನ್ನ ನೋಡೋದ ಕೆಲಸಾ ಇಟ್ಟಕೊಂಡಾವ್ರು ಯಾರೂ ಇಲ್ಲೇನು ಈ ದೇಶದಾಗ?"

ಇದ್ದಾರೆ. ಬೆಂಗಳೂರಿನ ಕೋರಮಂಗಲದಲ್ಲೇ ಇದ್ದಾರೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಅಂತ ಬೋರ್ಡು. ಆ ಬೋರ್ಡಿನ ಮುಂದೆ ನಾನು ಎಷ್ಟು ಸಲ ಟ್ರಾಫಿಕ್ಕಿನಲ್ಲಿ ನಿಂತಿದ್ದೀನೋ ಲೆಕ್ಕ ಇಲ್ಲ. ಒಳಗೆ ಏನಿದೆ ಅಂತ ಒಂದು ಸಲವೂ ಕೇಳಿರಲಿಲ್ಲ. ಅಪ್ಪನ ಪ್ರಶ್ನೆ ಬಂದ ಮೇಲೆ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಹೋದರೆ ಆ ಸಂಸ್ಥೆಯ ಬೇರು ಎಲ್ಲಿ ಬಂದು ಮುಟ್ತು ಗೊತ್ತಾ? ನಮ್ಮ ಕಡೆಯ ಬರಗಾಲಕ್ಕೆ!

ಮೊದಲಿಂದ ಹೇಳ್ತೀನಿ.

1786ರಲ್ಲಿ ವಿಲಿಯಂ ಪೆಟ್ರಿ ಅನ್ನೋ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿ ಮದ್ರಾಸಿನಲ್ಲಿ ಸ್ವಂತ ಖರ್ಚಿನಿಂದ ಒಂದು ಚಿಕ್ಕ ವೀಕ್ಷಣಾಲಯ ಮಾಡಿಕೊಂಡಿದ್ದ. ಕಂಪನಿ ಅದನ್ನ ತನ್ನ ವಶಕ್ಕೆ ತಗೊಂಡು, 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಡ ಕಟ್ಟಿತು. ನಕ್ಷತ್ರದ ಮೇಲಿನ ಪ್ರೀತಿಗಲ್ಲ, ವ್ಯಾಪಾರಕ್ಕೆ. ಸಮುದ್ರದ ನಡುವೆ ಹಡಗು ಎಲ್ಲಿದೆ ಅಂತ ತಿಳೀಬೇಕಾದರೆ ನಕ್ಷತ್ರದ ಲೆಕ್ಕ ಬೇಕು, ನಿಖರವಾದ ಗಡಿಯಾರ ಬೇಕು. ಭೂಮಿ ಅಳೆದು ನಕ್ಷೆ ಮಾಡೋಕೂ ಅದೇ ಬೇಕು. ಅಳೆದರೆ ತಾನೇ ಕಂದಾಯ?

ಆ ಮದ್ರಾಸ್ ವೀಕ್ಷಣಾಲಯದಲ್ಲಿ ಒಬ್ಬ ನಮ್ಮವರಿದ್ದರು. ಚಿಂತಾಮಣಿ ರಘುನಾಥಾಚಾರ್ಯ. ಅಲ್ಲಿನ ಸಹಾಯಕ ಹುದ್ದೆಯಲ್ಲಿದ್ದವರು 1867ರಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನ ಪತ್ತೆ ಹಚ್ಚಿದರು. ಇವತ್ತಿಗೂ ಅದಕ್ಕೆ ಆರ್ ರೆಟಿಕ್ಯುಲಿ ಅಂತ ಹೆಸರು. ಆದರೆ ನನಗೆ ನಾಚಿಕೆ ತರಿಸಿದ್ದು ಅವರ ಇನ್ನೊಂದು ಕೆಲಸ. 1874ರ ಡಿಸೆಂಬರ್ 9ಕ್ಕೆ ಶುಕ್ರಗ್ರಹ ಸೂರ್ಯನ ಮುಂದೆ ಚುಕ್ಕೆಯ ಹಾಗೆ ಹಾದುಹೋಗೋದಿತ್ತು. ಜನ ಹೆದರಬಾರದು, ಅದೇನು ಅಂತ ತಿಳೀಬೇಕು ಅಂತ ರಘುನಾಥಾಚಾರ್ಯರು ಒಂದು ಪುಸ್ತಿಕೆ ಬರೆದರು. ಅದು ದೇಶಭಾಷೆಗಳಲ್ಲೂ ಬಂತು. ಕನ್ನಡದಲ್ಲೂ ಬಂತು. ಯೋಚನೆ ಮಾಡಿ. 1874ರಲ್ಲಿ, ಕರೆಂಟ್ ಇಲ್ಲದ ಕಾಲದಲ್ಲಿ, ಆಕಾಶದ ಒಂದು ಘಟನೆಯನ್ನ ಲೆಕ್ಕ ಸಮೇತ ಕನ್ನಡಿಗನಿಗೆ ವಿವರಿಸೋ ಪುಸ್ತಿಕೆ ಅಚ್ಚಾಗಿತ್ತು. 2022ರಲ್ಲಿ ಉಪಗ್ರಹ, ಎಚ್‌ಡಿ ಕ್ಯಾಮೆರಾ, ಗ್ರಾಫಿಕ್ಸ್ ಎಲ್ಲ ಇಟ್ಟುಕೊಂಡು ನಾನು ರಾಶಿಫಲ ಕೇಳ್ತಿದ್ದೆ.

ಆ ಪುಸ್ತಿಕೆ ಬಂದ ಎರಡೇ ವರ್ಷಕ್ಕೆ ಮಳೆ ಕೈಕೊಟ್ಟಿತು.

1876, 1877. ಧಾತು ಸಂವತ್ಸರ, ಈಶ್ವರ ಸಂವತ್ಸರ. ಹಳೆ ಮೈಸೂರಿನವರು ಇವತ್ತಿಗೂ ಧಾತು-ಈಶ್ವರ ಬರ ಅಂತಲೇ ಕರೀತಾರೆ. ಆಗ ನಮ್ಮ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಸುತ್ತಲಿನ ಬ್ರಿಟಿಷ್ ಸೀಮೆಗೆ ಕಲಾದಗಿ ಜಿಲ್ಲೆ ಅಂತ ಹೆಸರು. ಮುಂದೆ ಅದೇ ವಿಜಾಪುರ ಜಿಲ್ಲೆ ಆಯ್ತು. 1872ರ ಜನಗಣತಿಯಲ್ಲಿ ಆ ಜಿಲ್ಲೆಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ರ ಹೊತ್ತಿಗೆ 6.4 ಲಕ್ಷದ ಹತ್ತಿರಕ್ಕೆ ಬಂತು. ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತರು, ಇಲ್ಲಾ ಊರು ಬಿಟ್ಟು ಹೋದರು. ನೆಲದೊಳಗಿನ ಹಗೇವುಗಳಲ್ಲಿ ಜೋಳ ತುಂಬಿಡೋ ಸೀಮೆ ನಮ್ಮದು. ಆ ಹಗೇವುಗಳೇ ಖಾಲಿ.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಮಳೆ ಬರಲಿಲ್ಲ ಅನ್ನೋದು ಅರ್ಧ ಕಥೆ. ಅದೇ ವರ್ಷಗಳಲ್ಲಿ ದೇಶದ ಬಂದರುಗಳಿಂದ ಧಾನ್ಯ ಹಡಗು ಹತ್ತಿ ಹೊರಗೆ ಹೋಗ್ತಾನೇ ಇತ್ತು. ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯೋ ಗಂಡಾಳಿಗೆ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ನಿಗದಿ ಮಾಡಿದ್ದು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆ. ಒಂದು ಪೌಂಡ್ ಅಂದ್ರೆ ಅರ್ಧ ಕಿಲೋಗಿಂತಲೂ ಕಡಿಮೆ. ಅಷ್ಟು ತಿಂದು ಇಡೀ ದಿನ ಬಿಸಿಲಲ್ಲಿ ಕಲ್ಲು ಒಡೀಬೇಕು.

ಜನ ಸಾಯ್ತಿರುವಾಗ ಕಲ್ಕತ್ತಾ ಮತ್ತು ಲಂಡನ್ನಿನಲ್ಲಿ ಒಂದು ದೊಡ್ಡ ಚರ್ಚೆ ಎದ್ದಿತು. ಸೂರ್ಯನ ಮೇಲೆ ಕಪ್ಪು ಕಲೆಗಳಿರ್ತವೆ, ಸೌರಕಲೆಗಳು ಅಂತೀವಲ್ಲ. ಅವು ಸುಮಾರು 10 ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆ ಆಗ್ತವೆ ಅಂತ ಜರ್ಮನಿಯ ಶ್ವಾಬೆ 1843ರಲ್ಲೇ ಹೇಳಿದ್ದ. ಸರ್ಕಾರದ ಅಂಕಿಅಂಶಗಳ ಮುಖ್ಯಸ್ಥ ವಿಲಿಯಂ ಹಂಟರ್ ಮದ್ರಾಸಿನ ಮಳೆ ಲೆಕ್ಕ ತೆಗೆದು ಪಕ್ಕದಲ್ಲಿಟ್ಟ. ಕಲೆ ಕಡಿಮೆ ಆದ ವರ್ಷಗಳಲ್ಲಿ ಮಳೆಯೂ ಕಡಿಮೆ, ಹಾಗಾಗಿ ಬರ ಅಂದ. ಖ್ಯಾತ ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ಜತೆ ಸೇರಿ 1877ರಲ್ಲಿ ಸೌರಕಲೆ ಮತ್ತು ಬರಗಾಲದ ಬಗ್ಗೆ ಲೇಖನವನ್ನೂ ಬರೆದ.

ಈ ವಾದ ಆಳುವವರಿಗೆ ಎಷ್ಟು ಅನುಕೂಲ ನೋಡಿ. ತಪ್ಪು ಸೂರ್ಯನದು ಅಂತಾದರೆ ಹಡಗು ಹತ್ತಿದ ಧಾನ್ಯದ ಬಗ್ಗೆ ಯಾರು ಕೇಳ್ತಾರೆ? ಒಂದು ಪೌಂಡಿನ ಬಗ್ಗೆ ಯಾರು ಕೇಳ್ತಾರೆ? ಗ್ರಹಚಾರ ಅಂತ ಕೈ ತೊಳೆದುಕೊಳ್ಳೋದು ಜ್ಯೋತಿಷಿಗಳಿಗೆ ಮಾತ್ರ ಬರೋ ವಿದ್ಯೆ ಅಂದುಕೊಂಡಿದ್ದೆ. ಸರ್ಕಾರಗಳಿಗೂ ಬರುತ್ತೆ.

ಆದರೆ ಪ್ರಶ್ನೆ ಕೇಳಿದವರೆಲ್ಲ ಕೆಟ್ಟವರಾಗಿರಲಿಲ್ಲ. ಮಳೆ ಮುಂದಿನ ವರ್ಷ ಕೈಕೊಡುತ್ತಾ ಅಂತ ಮೊದಲೇ ತಿಳಿದರೆ ಲಕ್ಷಾಂತರ ಜೀವ ಉಳಿಸಬಹುದು ಅನ್ನೋ ಆಸೆ ನಿಜವಾದದ್ದೇ. ಬರ ಆಯೋಗದ ವರದಿ ಬಂದ ಮೇಲೆ, ಸೂರ್ಯನನ್ನ ಕ್ರಮವಾಗಿ ಅಭ್ಯಾಸ ಮಾಡಿದರೆ ಮುಂಗಾರು ಅರ್ಥವಾಗಬಹುದು ಅನ್ನೋ ಪ್ರಸ್ತಾಪ ಗಟ್ಟಿಯಾಯ್ತು. ಮಿಚಿ ಸ್ಮಿತ್ ಅನ್ನೋ ಭೌತಶಾಸ್ತ್ರದ ಪ್ರೊಫೆಸರ್ ಪಳನಿ ಬೆಟ್ಟ, ನೀಲಗಿರಿ ಎಲ್ಲ ಸುತ್ತಿ ಜಾಗ ನೋಡಿದರು. 1893ರ ಜುಲೈನಲ್ಲಿ ಲಾರ್ಡ್ ಕೆಲ್ವಿನ್ ಅಧ್ಯಕ್ಷತೆಯ ಸಮಿತಿ ಕೊಡೈಕನಾಲ್ ಅಂತ ತೀರ್ಮಾನ ಮಾಡಿತು. ಇಂಜಿನಿಯರಿಂಗ್ ಓದಿದವರಿಗೆ ಕೆಲ್ವಿನ್ ಹೆಸರು ಹೇಳಬೇಕಾಗಿಲ್ಲ, ಉಷ್ಣಾಂಶದ ಅಳತೆಗೆ ಅವರದೇ ಹೆಸರು. 1899ರ ಏಪ್ರಿಲ್ 1ರಂದು ಸಮುದ್ರಮಟ್ಟದಿಂದ 2,300 ಮೀಟರ್‌ಗೂ ಎತ್ತರದ ಆ ಬೆಟ್ಟದ ಮೇಲೆ ಸೌರ ವೀಕ್ಷಣಾಲಯ ಶುರುವಾಯ್ತು. ಮದ್ರಾಸಿನ ಉಪಕರಣಗಳು ಬೆಟ್ಟ ಹತ್ತಿದವು.

ಇವತ್ತು ಪ್ರವಾಸಕ್ಕೆ ಹೋಗಿ ನಾವು ಸೆಲ್ಫಿ ತಗೊಳ್ಳೋ ಕೊಡೈಕನಾಲ್‌ನ ಆ ಗುಮ್ಮಟಗಳ ಹಿಂದೆ ಸತ್ತ ಜನರ ಲೆಕ್ಕ ಇದೆ. ಮದ್ರಾಸ್ ಪ್ರಾಂತ್ಯದವರದು, ಮೈಸೂರಿನವರದು, ನಮ್ಮ ಕಲಾದಗಿ ಸೀಮೆಯವರದು.

ಹಾಗಾದರೆ ಸೂರ್ಯ ಉತ್ತರ ಕೊಟ್ಟನಾ?

1904ರಿಂದ ಅಲ್ಲಿ ದಿನವೂ ಸೂರ್ಯನ ಫೋಟೋ ತೆಗೆಯೋದು ಶುರುವಾಯ್ತು. ಮೋಡ ಮುಚ್ಚಿದ ದಿನ ಬಿಟ್ಟರೆ ದಿನಾ. ಗಾಜಿನ ಫಲಕದ ಮೇಲೆ ಒಂದು ಸೂರ್ಯ, ಕೆಳಗೆ ತಾರೀಖು, ಸಮಯ. ಎರಡು ಮಹಾಯುದ್ಧ ನಡೆದವು, ಸ್ವಾತಂತ್ರ್ಯ ಬಂತು, ಸರ್ಕಾರಗಳು ಬಂದು ಹೋದವು. ಫೋಟೋ ನಿಲ್ಲಲಿಲ್ಲ.

1909ರ ಜನವರಿಯಲ್ಲಿ ಜಾನ್ ಎವರ್‌ಶೆಡ್ ಅಲ್ಲೇ ಒಂದು ಹೊಸ ಸಂಗತಿ ಕಂಡರು. ಬಸ್ಸು ಹಾರ್ನ್ ಹೊಡೀತಾ ಹತ್ತಿರ ಬರುವಾಗ ಒಂದು ಸ್ವರ, ದಾಟಿ ದೂರ ಹೋಗುವಾಗ ಇನ್ನೊಂದು ಸ್ವರ ಕೇಳುತ್ತಲ್ಲ, ಬೆಳಕಿಗೂ ಹಾಗೇ ಆಗುತ್ತೆ. ಅದನ್ನ ಹಿಡಿದು ಅವರು ಸೌರಕಲೆಯ ನಡುವಿನಿಂದ ಅನಿಲ ಸುತ್ತಲೂ ಹೊರಕ್ಕೆ ಹರಿಯುತ್ತೆ ಅಂತ ತೋರಿಸಿದರು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅದು ಎವರ್‌ಶೆಡ್ ಪರಿಣಾಮ.

ಮಳೆ? ಮಳೆಯ ಗುಟ್ಟು ಸಿಗಲಿಲ್ಲ.

ಕೇಂಬ್ರಿಡ್ಜಿನಿಂದ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ 1904ರಿಂದ 1924ರವರೆಗೆ ದೇಶದ ವೀಕ್ಷಣಾಲಯಗಳಿಗೆಲ್ಲ ಮುಖ್ಯಸ್ಥರಾಗಿದ್ದರು. ಅವರು ಸೌರಕಲೆ ಮತ್ತು ಮಳೆಯ ಅಂಕಿಗಳನ್ನ ಕೂತು ತಾಳೆ ನೋಡಿದರು. ಮುನ್ಸೂಚನೆಗೆ ನೆಚ್ಚಿಕೊಳ್ಳೋ ಅಂಥ ನಂಟು ಇಲ್ಲ ಅಂತ ಬಂತು. ಆಮೇಲೆ ಉಪಗ್ರಹಗಳು ಅಳೆದು ಹೇಳಿದವು, 11 ವರ್ಷದ ಚಕ್ರದಲ್ಲಿ ಸೂರ್ಯನ ಒಟ್ಟು ಶಾಖ ಬದಲಾಗೋದು ಸಾವಿರಕ್ಕೆ ಒಂದು ಪಾಲಿನಷ್ಟು. ಮುಂಗಾರಿನ ಸೂತ್ರ ಬೇರೆ ಕಡೆ ಇತ್ತು. ಅದೇ ವಾಕರ್ ಜಗತ್ತಿನ ನಾನಾ ಊರುಗಳ ಗಾಳಿಯ ಒತ್ತಡ ಹೋಲಿಸಿ ನೋಡುವಾಗ, ಪೆಸಿಫಿಕ್ ಸಾಗರದ ಒಂದು ಕಡೆ ಒತ್ತಡ ಏರಿದರೆ ಇನ್ನೊಂದು ಕಡೆ ಇಳಿಯೋ ಏರುಪೇರು ಕಂಡಿತು. ಇವತ್ತು ನಾವು ಬುಲೆಟಿನ್‌ನಲ್ಲಿ ಎಲ್ ನಿನೋ, ಎಲ್ ನಿನೋ ಅಂತ ಕೂಗ್ತೀವಲ್ಲ, ಆ ಕಥೆಯ ಒಂದು ತುದಿ ಅದು. 1877ರಲ್ಲೂ ಬಲವಾದ ಎಲ್ ನಿನೋ ಇತ್ತು ಅಂತ ವಿಜ್ಞಾನಿಗಳು ಮುಂದೆ ಕಂಡುಕೊಂಡರು.

ಹೀಗಿರುವಾಗ ಕೊಡೈಕನಾಲ್ ಸೋತಂತಾಯ್ತಾ? ನಾನು ಈ ಪ್ರಶ್ನೆಯನ್ನ ಬಹಳ ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ. ಯಾಕಂದ್ರೆ ನನ್ನ ಕೆಲಸದಲ್ಲಿ ಉತ್ತರ ಸಿಗಲಿಲ್ಲ ಅನ್ನೋಕೆ ಜಾಗ ಇಲ್ಲ. ರಾತ್ರಿ ಒಂಬತ್ತಕ್ಕೆ ಚರ್ಚೆ ಶುರುವಾದರೆ ಹತ್ತಕ್ಕೆ ತೀರ್ಪು ಬರಬೇಕು. ಜ್ಯೋತಿಷಿಯ ಹತ್ತಿರ ಯಾವತ್ತೂ ಉತ್ತರ ಇರುತ್ತೆ, ಅದಕ್ಕೇ ಅವರು ಟೀವಿಗೆ ಅಷ್ಟು ಚೆನ್ನಾಗಿ ಹೊಂದಿಕೊಳ್ತಾರೆ. ಹೋದ ಗ್ರಹಣಕ್ಕೆ ಹೇಳಿದ್ದು ನಿಜವಾಯ್ತಾ ಅಂತ ಈ ಗ್ರಹಣಕ್ಕೆ ಯಾರೂ ಲೆಕ್ಕ ತೆಗೆಯಲ್ಲ. ನಾನೂ ತೆಗೆದಿಲ್ಲ. ಕೊಡೈಕನಾಲ್‌ನವರು ತೆಗೆದರು. ತಮ್ಮ ವೀಕ್ಷಣಾಲಯ ಹುಟ್ಟಿದ ಕಾರಣವೇ ಸುಳ್ಳಾದರೂ ಲೆಕ್ಕ ತಿದ್ದಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ನೂರು ವರ್ಷ ದಾಟಿದ ಆ ಫೋಟೋಗಳ ಸಾಲು ಈಗ ಡಿಜಿಟಲ್ ಆಗಿದೆ. ಸೂರ್ಯನ ದೀರ್ಘ ಚರಿತ್ರೆ ಬೇಕಾದವರು ಅದನ್ನ ತೆರೆದು ನೋಡ್ತಾರೆ.

ಮುಂದಿನ ಅಧ್ಯಾಯ ವೇಣು ಬಾಪು ಅವರದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದವರು. ಮಗ ಹಾರ್ವರ್ಡಿಗೆ ಹೋಗಿ, 1949ರಲ್ಲಿ ಒಂದು ಧೂಮಕೇತು ಕಂಡುಹಿಡಿದು, ದೇಶಕ್ಕೆ ವಾಪಸ್ ಬಂದರು. 1960ರಲ್ಲಿ ಕೊಡೈಕನಾಲ್‌ನ ನಿರ್ದೇಶಕರಾದರು. ಸೂರ್ಯ ಒಬ್ಬನೇ ಸಾಲದು, ರಾತ್ರಿ ಆಕಾಶವೂ ಬೇಕು ಅಂತ ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರು ಕಾಡಿನಲ್ಲಿ ಜಾಗ ಹುಡುಕಿದರು. 1960ರ ದಶಕದ ಕೊನೆಯಲ್ಲಿ 38 ಸೆಂಟಿಮೀಟರ್‌ನ ಚಿಕ್ಕ ದೂರದರ್ಶಕದಿಂದ ಕೆಲಸ ಶುರು. 1972ರಲ್ಲಿ ಒಂದು ಮೀಟರಿನದು ಬಂತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದಾಗ, ಅದರ ಸುತ್ತ ಬಳೆಗಳಿವೆ ಅನ್ನೋದಕ್ಕೆ ಜಗತ್ತಿನ ಕೆಲವೇ ಕಡೆ ಸಾಕ್ಷಿ ಸಿಕ್ಕಿತು. ಅದರಲ್ಲಿ ಕಾವಲೂರೂ ಒಂದು.

1971ರಲ್ಲಿ ಇದೆಲ್ಲ ಸೇರಿ ಸ್ವಾಯತ್ತ ರಾಷ್ಟ್ರೀಯ ಸಂಸ್ಥೆ ಆಯ್ತು. 1975ರಲ್ಲಿ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು. ಗೌರಿಬಿದನೂರಿನ ಬಯಲಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಜತೆ ಸೇರಿ ಕಂಬ, ತಂತಿಗಳ ಒಂದು ರೇಡಿಯೋ ದೂರದರ್ಶಕ ಕಟ್ಟಿದರು. ಇಂಗ್ಲಿಷಿನ 'ಟಿ' ಅಕ್ಷರದ ಆಕಾರ, ಪೂರ್ವ-ಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದ. ನೋಡಿದವರು ದ್ರಾಕ್ಷಿ ಚಪ್ಪರ ಅಂದುಕೊಂಡರೂ ತಪ್ಪಿಲ್ಲ.

ಬಾಪು ಅವರ ದೊಡ್ಡ ಕನಸು 2.34 ಮೀಟರ್ ಕನ್ನಡಿಯ ದೂರದರ್ಶಕ. ಕನ್ನಡಿಯನ್ನ ನಮ್ಮವರೇ ಉಜ್ಜಿ ನಯಗೊಳಿಸಿದರು. ಅದು ಮುಗಿಯೋದನ್ನ ನೋಡೋಕೆ ಬಾಪು ಇರಲಿಲ್ಲ. 1982ರ ಆಗಸ್ಟಿನಲ್ಲಿ, 55ನೇ ವಯಸ್ಸಿಗೆ, ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ಅವರು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷ. 1986ರ ಜನವರಿ 6ರಂದು ರಾಜೀವ್ ಗಾಂಧಿ ಬಂದು ವೀಕ್ಷಣಾಲಯಕ್ಕೆ, ದೂರದರ್ಶಕಕ್ಕೆ ಬಾಪು ಹೆಸರನ್ನೇ ಇಟ್ಟರು.

ಈ ನಡುವೆ ಒಂದು ಗ್ರಹಣ ನಮ್ಮ ಮನೆ ಬಾಗಿಲಿಗೇ ಬಂದಿತ್ತು. 1980ರ ಫೆಬ್ರುವರಿ 16. ಪೂರ್ಣ ಗ್ರಹಣದ ನೆರಳು ಅಂಕೋಲಾದಿಂದ ಹತ್ತಿ, ಹುಬ್ಬಳ್ಳಿ ಮೇಲಿಂದ ರಾಯಚೂರಿಗೆ ಹೋಯ್ತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಇದೇ ಸಂಸ್ಥೆಯ ವಿಜ್ಞಾನಿಗಳು ಡೇರೆ ಹಾಕಿ ಕೂತಿದ್ದರು. ನಮ್ಮ ಹಿಪ್ಪರಗಿಯಲ್ಲಿ ಪೂರ್ಣ ಅಲ್ಲದಿದ್ದರೂ ಬಹುಪಾಲು ಸೂರ್ಯ ಮುಚ್ಚಿದ್ದ. ಅಪ್ಪ ಆಗ ಸಾಲಿ ಹುಡುಗ. "ಆಯಿ ಬಾಗಲಾ ಹಾಕಿ, ಬೆಳಕಿಂಡಿಗೂ ಗೋಣಿಚೀಲಾ ತುರುಕಿದ್ಳು. ಒಳಗ ಕತ್ತಲದಾಗ ಕುಂತಿದ್ವಿ. ಹೊರಗ ಹಕ್ಕಿ ಗೂಡಿಗೆ ಹೋಗೂ ಸಪ್ಪಳಾ ಕೇಳಿದ್ದಷ್ಟ ನೆನಪು" ಅಂದ. ದೆಹಲಿಯಲ್ಲಿ ಅವತ್ತು ದೂರದರ್ಶನ, ಜನ ಹೊರಗೆ ಬಾರದಿರಲಿ ಅಂತ ಹಿಂದಿ ಸಿನಿಮಾ ಹಾಕಿತ್ತು. ಸರ್ಕಾರಿ ಟೀವಿ ಸಿನಿಮಾ ಹಾಕಿತು, ಖಾಸಗಿ ಟೀವಿ ಜ್ಯೋತಿಷಿಯನ್ನ ಕೂರಿಸಿತು. 42 ವರ್ಷದಲ್ಲಿ ನಾವು ಮಾಡಿದ ಪ್ರಗತಿ ಇದು.

ಹೋದ ವರ್ಷ ಒಂದು ಸಂಜೆ ಹೊಸಕೋಟೆಗೆ ಹೋಗಿದ್ದೆ. ಬೆಂಗಳೂರಿಂದ ಸುಮಾರು 35 ಕಿಲೋಮೀಟರ್. ಅಲ್ಲಿ ಸಂಸ್ಥೆಯ ಕ್ರೆಸ್ಟ್ ಅನ್ನೋ ಕೇಂದ್ರ ಇದೆ. ಮಾಮೂಲಿ ಕೋಣೆ, ನಾಲ್ಕಾರು ಕಂಪ್ಯೂಟರ್. ಹೊರಗೆ ಮಳೆ ಜಡಿ ಹಿಡಿದಿತ್ತು. ಒಳಗೆ ಕೂತವರು ನೋಡ್ತಿದ್ದದ್ದು ಲಡಾಖಿನ ಹಾನ್ಲೆಯ ಆಕಾಶ. ಅಲ್ಲಿ 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. 2000ನೇ ಇಸವಿಯಲ್ಲಿ ಮೊದಲ ಬೆಳಕು ಕಂಡಿತು. ಗಾಳಿ ತೆಳು, ತೇವ ಇಲ್ಲ, ಊರ ದೀಪಗಳಿಲ್ಲ. ದೂರದರ್ಶಕಕ್ಕೆ ಸ್ವರ್ಗ, ಮನುಷ್ಯನ ಉಸಿರಿಗೆ ಕಷ್ಟ. ಅದಕ್ಕೇ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ಆದೇಶ ಕಳಿಸ್ತಾರೆ, ಅಲ್ಲಿ ದೂರದರ್ಶಕ ತಿರುಗುತ್ತೆ.

ಇದೇ ಹೊಸಕೋಟೆಯಲ್ಲೇ ಆದಿತ್ಯ-ಎಲ್1ರ ಮುಖ್ಯ ಉಪಕರಣ ತಯಾರಾಯ್ತು. ಸೂರ್ಯನ ತಟ್ಟೆಯನ್ನ ಮರೆ ಮಾಡಿ ಸುತ್ತಲಿನ ಪ್ರಭಾವಲಯ ನೋಡೋ ಯಂತ್ರ, ಅಂದ್ರೆ ತಾನೇ ದಿನವಿಡೀ ಗ್ರಹಣ ಮಾಡಿಕೊಳ್ಳೋ ಯಂತ್ರ. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು. ನಮ್ಮ ಚಾನೆಲ್ಲುಗಳಲ್ಲಿ ಉಡಾವಣೆ ಲೈವ್ ತೋರಿಸಿದೆವು, ಚಪ್ಪಾಳೆ ಹೊಡೆದೆವು. ಇದರ ಮುತ್ತಜ್ಜನ ಹೆಸರು ಧಾತು-ಈಶ್ವರ ಬರ ಅಂತ ನಾವ್ಯಾರೂ ಹೇಳಲಿಲ್ಲ. ನಮಗೇ ಗೊತ್ತಿರಲಿಲ್ಲ.

ಬಡ ದೇಶಕ್ಕೆ ಇದೆಲ್ಲ ಯಾಕೆ, ಆ ದುಡ್ಡಲ್ಲಿ ರೈತರಿಗೆ ನೀರು ಕೊಡಬಹುದಿತ್ತಲ್ಲ ಅಂತ ಕೇಳೋ ವೀಕ್ಷಕರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಹೊಳೆ ದಂಡೆಯವನು, ನೀರಿನ ಬೆಲೆ ಗೊತ್ತು. ಬರಕ್ಕೆ ಉತ್ತರ ಸೂರ್ಯನಲ್ಲಿ ಸಿಗಲಿಲ್ಲ, ನೆಲದ ಮೇಲೆ ಸಿಕ್ಕಿತು. ನಮ್ಮೂರಿಂದ ಹೊಳೆಯ ಕೆಳಗೆ ಚಿಕ್ಕಪಡಸಲಗಿಯಲ್ಲಿ, ಸರ್ಕಾರಕ್ಕೆ ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ವಂತಿಗೆ ಹಾಕಿ, ತಾವೇ ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ. ಆಮೇಲೆ ದಶಕಗಳ ಕಾಲ ಎಳೆದ ಕಾಮಗಾರಿ ಮುಗಿದು ಹಿಪ್ಪರಗಿ ಬ್ಯಾರೇಜಿನಲ್ಲೂ ನೀರು ನಿಂತಿತು. ನೀರು ಬರೋದು ತಡವಾದದ್ದು ದೂರದರ್ಶಕದ ಖರ್ಚಿನಿಂದ ಅಂತ ನನಗೆ ಯಾವ ರೈತರೂ ಹೇಳಿಲ್ಲ. ಯಾರಿಂದ ತಡ ಆಯ್ತು ಅಂತ ಅವರಿಗೆ ಚೆನ್ನಾಗಿ ಗೊತ್ತು. ಬರವನ್ನ ಸೂರ್ಯನ ತಲೆಗೆ ಕಟ್ಟೋಕೆ ಆಗಲ್ಲ ಅಂತ ಲೆಕ್ಕ ಹಾಕಿ ತೋರಿಸಿದವರು, ಒಂದು ರೀತಿಯಲ್ಲಿ, ಅದೇ ಪ್ರಶ್ನೆಯನ್ನ ಆಳುವವರ ಕಡೆಗೆ ವಾಪಸ್ ತಿರುಗಿಸಿದರು. ಆ ಲೆಕ್ಕಕ್ಕೆ ಆದ ಖರ್ಚು ನನಗೆ ದಂಡ ಅನ್ನಿಸಲ್ಲ.

2027ರ ಆಗಸ್ಟ್ 2ಕ್ಕೆ ಮತ್ತೊಂದು ಸೂರ್ಯಗ್ರಹಣ ಇದೆ. ನಮ್ಮಲ್ಲಿ ಪಾರ್ಶ್ವ ಗ್ರಹಣ. ಅವತ್ತಿಗೆ ಸ್ಟುಡಿಯೋದಲ್ಲಿ ಒಂದು ಕುರ್ಚಿ ಕೋರಮಂಗಲದವರಿಗೆ ಅಂತ ಈಗಲೇ ಕೇಳಿಟ್ಟಿದ್ದೀನಿ. ನೋಡೋಣ ಅಂದಿದ್ದಾರೆ. ರೇಟಿಂಗ್ ಬಿದ್ದರೆ ನನ್ನ ಮೇಲೆ ಬರುತ್ತೆ, ಬರಲಿ.

ಅಪ್ಪನಿಗೆ ಇದನ್ನ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಆ ಕಪ್ಪು ಕನ್ನಡಕಾ ಸಿಗತಾವಂತಲ್ಲ, ಗ್ರಹಣಾ ನೋಡಾವು. ಎರಡು ಕಳಿಸು. ನಿಮ್ಮವ್ವಗೂ ಒಂದು."